ಮೊನೊಕ್ಲೋನಲ್
ಮೊನೊಕ್ಲೋನಲ್ ಎಂಬುದರ ಪೂರ್ವಾರ್ಧವು ‘ಏಕ’ ಎಂಬರ್ಥದ ಗ್ರೀಕ್ ‘ಮೊನೋಸ್’. ಉತ್ತರಾರ್ಧವು ಎಳೆಯ ರೆಂಬೆಯನ್ನು ಸೂಚಿಸುವ ‘ಕ್ಲೋನ್’. ತಾಯಿಗಿಡದ ಕಡ್ಡಿಯನ್ನೇ ನೆಟ್ಟು ಬೆಳೆಸಿದ ಸಸ್ಯಸಂತತಿಗೆ 1903ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬರ್ ಈ ಹೆಸರನ್ನಿತ್ತರು. 1975ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನರು, ಪ್ರತಿಕಾಯವನ್ನು (ಆಂಟಿಬಾಡಿ) ಸೃಜಿಸಬಲ್ಲುದಾದರೂ ಅಲ್ಪಾಯುವಾದ ಇಲಿಯ ಜೀವಕೋಶವನ್ನು, ಮರಣವಿಲ್ಲದೆ ವಿಭಜನೆ ಹೊಂದುತ್ತಲೇ ಇರುವ ಅರ್ಬುದಕೋಶದೊಡನೆ ಬೆಸೆದು, ಆ ಸಂಕರದ ಒಂದೇ ಕೋಶದ ಸಂತತಿಯಿಂದ ಏಕರೂಪದ ಪ್ರತಿಕಾಯಗಳನ್ನು ಅವಿಚ್ಛಿನ್ನವಾಗಿ ಪಡೆದರು. ಅರ್ಬುದದ ಅಮರತ್ವವೇ ಅರ್ಬುದಚಿಕಿತ್ಸೆಗೆ ಸಾಧನವನ್ನೊದಗಿಸಿತೆಂಬುದು ನನಗೆ ಇಂದಿಗೂ ವಿಸ್ಮಯಾವಹ. ಆದಿಯ ಚಿಕಿತ್ಸಾಪ್ರಯೋಗಗಳಲ್ಲಿ, ಇಲಿಯ ಪ್ರೋಟೀನಾದ ಈ ಪ್ರತಿಕಾಯವನ್ನು ಅನೇಕ ರೋಗಿಗಳ ದೇಹವು ಪರಕೀಯವೆಂದು ತಿರಸ್ಕರಿಸುತ್ತಿದ್ದುದರಿಂದ, ಅದರ ಬಹುಭಾಗವನ್ನು ಮಾನವಾಂಶದಿಂದ ಬದಲಿಸಬೇಕಾಯಿತು. ಹಾಗೆ ರೂಪುಗೊಂಡ ರಿಟುಕ್ಸಿಮ್ಯಾಬ್ ಎಂಬ ಔಷಧಕ್ಕೆ 1997ರಲ್ಲಿ ಅಮೆರಿಕದಲ್ಲಿ ಲಿಂಫೋಮಾ ಎಂಬ ಅರ್ಬುದದ ಚಿಕಿತ್ಸೆಗಾಗಿ ಸಮ್ಮತಿ ದೊರೆಯಿತು. ಹೆಸರಿನಂತ್ಯದ ‘ಮ್ಯಾಬ್’ ಮೊನೊಕ್ಲೋನಲ್ ಆಂಟಿಬಾಡಿಯ ಸಂಕ್ಷೇಪವೇ.