ಆಂಟ್‌ವರ್ಪ್‌ನ ಅಕ್ಷರದ ಮನೆ

ಬೆಲ್ಜಿಯಂ ದೇಶದ ಆಂಟ್‌ವರ್ಪ್ ಎಂದೊಡನೆ ನೆನಪಾಗುವುದು ವಜ್ರದ ವ್ಯಾಪಾರ, ಬಂದರು, ಚಿತ್ರಕಾರ ರೂಬೆನ್ಸ್. ಆದರೆ ಷೆಲ್ಟ್ ನದಿಗೆ ಸಮೀಪದ ಬೀದಿಯೊಂದರಲ್ಲಿ ಆ ನಗರ ಬೇರೊಂದು ಬಗೆಯ ಸಂಪತ್ತನ್ನು ಕಾಪಾಡಿಕೊಂಡು ಬಂದಿದೆ. ಅದೇ ‘ಲೆಟರೆನ್‌ಹಾಯ್ಸ್’, ಅಂದರೆ ಸಾಹಿತ್ಯದ ಮನೆ. ಫ್ಲೆಮಿಷ್ ಲೇಖಕರ ಹಸ್ತಪ್ರತಿ, ಪತ್ರ, ಭಾವಚಿತ್ರ, ಭಿತ್ತಿಪತ್ರಗಳ ಸಂಗ್ರಹಾಲಯವಿದು.

ಒಂದು ಭಾಷೆಗೆ ಇಂಥ ಮನೆ ಏಕೆ ಬೇಕಾಯಿತು? ಉತ್ತರ ಇತಿಹಾಸದಲ್ಲಿದೆ. 1830ರಲ್ಲಿ ಬೆಲ್ಜಿಯಂ ಸ್ವತಂತ್ರವಾದಾಗ ಉತ್ತರ ಭಾಗದ ಜನರ ಮಾತು ಡಚ್. ಆಡಳಿತ, ನ್ಯಾಯಾಲಯ, ಉನ್ನತ ಶಿಕ್ಷಣದ ಭಾಷೆ ಮಾತ್ರ ಫ್ರೆಂಚ್. ತನಗೆ ಅರ್ಥವಾಗದ ಭಾಷೆಯಲ್ಲಿ ವಿಚಾರಣೆ ಎದುರಿಸುವ ಪಾಡು ರೈತನದು. ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಡಚ್‌ಗೆ ಅವಕಾಶ ದೊರೆತದ್ದು 1873ರಲ್ಲಿ. ಕಾನೂನಿನ ಪಠ್ಯಗಳಿಗೆ ಸಮಾನ ಸ್ಥಾನ ಸಿಕ್ಕಿದ್ದು 1898ರಲ್ಲಿ. ಗೆಂಟ್ ವಿಶ್ವವಿದ್ಯಾಲಯ ಡಚ್ ಮಾಧ್ಯಮಕ್ಕೆ ಬದಲಾದದ್ದು 1930ರಲ್ಲಿ. ಇದಾದ ಮೂರೇ ವರ್ಷಕ್ಕೆ, 1933ರಲ್ಲಿ, ಈ ಸಂಗ್ರಹಾಲಯ ಬಾಗಿಲು ತೆರೆಯಿತು.

ಆದರೆ ಕಾನೂನಿಗಿಂತ ಬಹಳ ಮೊದಲೇ ಕಾದಂಬರಿ ಬಂದಿತ್ತು. 1838ರಲ್ಲಿ ಹೆಂಡ್ರಿಕ್ ಕಾನ್ಸಿಯನ್ಸ್ ಬರೆದ ‘ಫ್ಲಾಂಡರ್ಸ್‌ನ ಸಿಂಹ’ದ ವಸ್ತು 1302ರ ಕಾರ್ಟ್ರೈಕ್ ಕದನ. ಅಲ್ಲಿ ಫ್ಲೆಮಿಷ್ ಕಾಲಾಳುಗಳು ಫ್ರೆಂಚ್ ಅಶ್ವಾರೋಹಿಗಳನ್ನು ಸೋಲಿಸಿದ್ದರು. ಕಾನ್ಸಿಯನ್ಸ್‌ನನ್ನು ಜನ ‘ನಮಗೆ ಓದು ಕಲಿಸಿದವನು’ ಎಂದೇ ಕರೆದರು. ವಿಶೇಷವೆಂದರೆ, ಆತನ ತಂದೆ ಫ್ರಾನ್ಸಿನವರು!

ಇಲ್ಲಿರುವುದೆಲ್ಲ ಹೆಮ್ಮೆಯ ಕಥೆಯಷ್ಟೇ ಅಲ್ಲ. ಕವಿ ಪಾಲ್ ವಾನ್ ಒಸ್ಟೈಯನ್ ಆಂಟ್‌ವರ್ಪ್ ನಗರಸಭೆಯ ಗುಮಾಸ್ತ. ಮೊದಲ ಮಹಾಯುದ್ಧದಲ್ಲಿ, ಆಕ್ರಮಿಸಿದ ಜರ್ಮನ್ನರ ನೆರವಿನಿಂದಲಾದರೂ ಭಾಷೆಯ ಹಕ್ಕು ಪಡೆಯಬೇಕೆಂದ ಗುಂಪಿನ ಪರ ನಿಂತವನು. 1918ರಲ್ಲಿ ಬರ್ಲಿನ್‌ಗೆ ಓಡಿಹೋದ. ಅಲ್ಲಿಯೇ ಬರೆದ ‘ಆಕ್ರಮಿತ ನಗರ’ 1921ರಲ್ಲಿ ಪ್ರಕಟವಾಯಿತು. ಅಕ್ಷರಗಳನ್ನು ಹಿಗ್ಗಿಸಿ, ಕುಗ್ಗಿಸಿ, ಪುಟದ ತುಂಬ ಚೆಲ್ಲಿದ ಕೃತಿ ಅದು. 1928ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಆತನಿಗೆ ಬರೇ 32 ವರ್ಷ.

ಅವನು ದೇಶದ್ರೋಹಿಯೇ, ಭಾಷಾಪ್ರೇಮಿಯೇ? ತೀರ್ಪು ಕೊಡುವುದು ಪತ್ರಾಗಾರದ ಕೆಲಸವಲ್ಲ. ಕಾಗದಕ್ಕೆ ಬೆಳಕೇ ಶತ್ರು. ಆದ್ದರಿಂದ ಗಾಜಿನ ಪೆಟ್ಟಿಗೆಯೊಳಗೆ ಕಾಣುವುದು ಕೆಲವೇ ಹಾಳೆ. ಉಳಿದ ಲಕ್ಷಾಂತರ ಹಾಳೆಗಳು ಕತ್ತಲೆಯ ಕಪಾಟುಗಳಲ್ಲಿ ಓದುಗನಿಗಾಗಿ ಕಾಯುತ್ತವೆ. ಅಚ್ಚಾದ ಪುಸ್ತಕ ಲೇಖಕನ ಕೊನೆಯ ಮಾತನ್ನಷ್ಟೇ ಹೇಳುತ್ತದೆ. ಹಸ್ತಪ್ರತಿಯಾದರೋ ಅವನು ಹೊಡೆದುಹಾಕಿದ್ದನ್ನೂ ಉಳಿಸಿಕೊಂಡಿರುತ್ತದೆ. ಒಂದು ಜನಾಂಗದ ನೆನಪಿಗೆ ಅವೆರಡೂ ಬೇಕು.