ಕೆರೆಯ ನೀರು, ನಮ್ಮ ಇತಿಹಾಸ

ಬೀದರ ಕೋಟೆ ಕಟ್ಟಿಸಿದ ಸುಲ್ತಾನರ ಹೆಸರು ಶಾಲೆಯಲ್ಲಿ ಬಾಯಿಪಾಠ ಮಾಡಿದೆವು. ಭಾಲ್ಕಿಯಲ್ಲಿ, ಔರಾದಿನಲ್ಲಿ ನಮ್ಮ ಅಜ್ಜಿಯರು ಬಾವಿಯಿಂದ ದೂರ ನಿಂತು, ಯಾರಾದರೂ ನೀರು ಹೊಯ್ದಾರೆಂದು ಕೊಡ ಹಿಡಿದು ಕಾದದ್ದನ್ನು ಯಾವ ಮಾಸ್ತರರೂ ಹೇಳಲಿಲ್ಲ. ಮನೆಯಲ್ಲಿ ಮೊದಲು ಪದವಿ ಕಂಡ ನಾವೇ ಅದನ್ನು ಬರೀಬೇಕಾಗಿದೆ.

ಆಗ ನಮ್ಮ ಬೀದರ ನಿಜಾಮನ ರಾಜ್ಯದಲ್ಲಿತ್ತು. ಪಕ್ಕದ ಮುಂಬೈ ಪ್ರಾಂತದ ಮಹಾಡದಲ್ಲಿ ಚವದಾರ ಕೆರೆಯನ್ನು ಪುರಸಭೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು, ಬರೀ ಕಾಗದದ ಮೇಲೆ. ದನ ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು. ಗುಡಿಗೂ ನುಗ್ತಾರೆಂದು ಸುಳ್ಳುಸುದ್ದಿ ಹಬ್ಬಿಸಿ, ಊಟಕ್ಕೆ ಕೂತವರ ಮೇಲೆ ಸವರ್ಣೀಯರು ಬಡಿಗೆ ಬೀಸಿದರು. ತಿರುಗಿ ಹೊಡೆಯಲು ನಮ್ಮವರೂ ಸಿದ್ಧರಿದ್ದರು. ಬಾಬಾಸಾಹೇಬರು ತಡೆದರು.

ಇದು ಹೇಡಿತನವೇ? ಅಲ್ಲ. ಅದೇ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟರು. ಕೆರೆಯ ವ್ಯಾಜ್ಯ ಕೋರ್ಟಿನಲ್ಲಿತ್ತೆಂದು ಎರಡನೇ ಸಲ ನೀರಿಗಿಳಿಯಲಿಲ್ಲ. ಆದರೆ ಕೆರೆಯನ್ನು ಬಿಟ್ಟುಕೊಡಲೂ ಇಲ್ಲ. 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ಗೆದ್ದರು. ಸಿಟ್ಟನ್ನು ಹತ್ತು ವರ್ಷ ಆರಿಸದೆ, ದಾರಿಯನ್ನೂ ಬಿಡದೆ ಕಾಯೋದು ಏಟು ಹಾಕೋದಕ್ಕಿಂತ ಕಷ್ಟ.

1950ರಲ್ಲಿ ಸಂವಿಧಾನದ 17ನೇ ವಿಧಿ ಬಂತು, 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಕಾಯಿದೆ ಬಂತು. ಮಹಾಡದ ಕೆರೆಗೂ ಮೊದಲು ಬಂದದ್ದು ಕಾಗದವೇ. ಕಾಗದವನ್ನು ಕೆರೆತನಕ ಒಯ್ದದ್ದು ಜನರ ಕಾಲು. ಗೆಳೆಯರೇ, ನಮ್ಮೂರಿನ ಬಾವಿ, ಗುಡಿ, ಚಾದಂಗಡಿಯ ತನಕ ಅದನ್ನು ಒಯ್ಯುವವರು ಯಾರು?