ಊರು ಚಿಕ್ಕದು, ಬಳಗ ದೊಡ್ಡದು: ಜಾಮ್ ಬ್ಯಾಂಡ್‌ಗಳು ಬೆಳೆದ ಬಗೆ

ಇವತ್ತು ನಾನು ಮಾತಾಡೋದು ಅಮೆರಿಕದ ಜಾಮ್ ಬ್ಯಾಂಡ್‌ಗಳ ಬಗ್ಗೆ. ಅದರಲ್ಲೂ ಒಂದೇ ಪ್ರಶ್ನೆ: ಬ್ಯಾಂಡಿಗೆ ಅಭಿಮಾನಿ ಬಳಗ ಕಟ್ಟಿಕೊಡೋದರಲ್ಲಿ ಅದರ ಊರಿನ ಪಾಲೆಷ್ಟು? ದೊಡ್ಡ ನಗರದಲ್ಲಿದ್ದರೆ ಕೇಳುಗರು ಜಾಸ್ತಿ, ಹಾಗಾಗಿ ಬೇಗ ಮೇಲೆ ಬರಬಹುದು ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಆದರೆ ಈ ಬ್ಯಾಂಡ್‌ಗಳ ಚರಿತ್ರೆ ಹೇಳೋದು ಬೇರೆ.

ಜಾಮ್ ಬ್ಯಾಂಡ್ ಅಂದ್ರೆ ಏನು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಐದು ನಿಮಿಷದ ಹಾಡನ್ನ ವೇದಿಕೆ ಮೇಲೆ ಇಪ್ಪತ್ತು ನಿಮಿಷಕ್ಕೆ ಬೆಳೆಸುವವರು ಇವರು. ನಮ್ಮ ಸಂಗೀತ ಕಛೇರಿಗೆ ಹೋಗುವವರಿಗೆ ಈ ಸುಖ ಗೊತ್ತಿದೆ. ಕೃತಿ ಗೊತ್ತು, ರಾಗ ಗೊತ್ತು, ಆದರೂ ಇವತ್ತು ಅವರ ಮನೋಧರ್ಮ ಹೇಗಿದೆ ನೋಡೋಣ ಅಂತ ತಾನೇ ಹೋಗೋದು? ಇಲ್ಲೂ ಅಷ್ಟೇ. ಇಂಥ ಸಂಗೀತ ರೇಡಿಯೋಗೆ ಒಗ್ಗಲ್ಲ. ಎದುರಿಗೆ ಕೂತು, ಅಲ್ಲ, ನಿಂತು ಕುಣಿದು ಕೇಳಿದವರು ಮತ್ತೊಮ್ಮೆ ಬರಬೇಕು, ಬರುವಾಗ ಇನ್ನೊಬ್ಬರನ್ನ ಕರೆತರಬೇಕು. ಹಾಗಾಗಿ ಬೇರೆ ಬ್ಯಾಂಡ್‌ಗಳಿಗಿಂತ ಇವರಿಗೆ ಊರು ಹೆಚ್ಚು ಮುಖ್ಯ.

ಶುರು ಮಾಡಬೇಕಾದ್ದು ಗ್ರೇಟ್‌ಫುಲ್ ಡೆಡ್‌ನಿಂದಲೇ. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಹುಟ್ಟಿದ ಈ ತಂಡ ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಹೈಟ್-ಆ್ಯಶ್‌ಬರಿ ಬಡಾವಣೆಗೆ ಬಂತು. ಆ ಊರು ಇವರಿಗೆ ಕೊಟ್ಟಿದ್ದು ಸಣ್ಣದಲ್ಲ. ಫಿಲ್‌ಮೋರ್, ಅವಲಾನ್‌ನಂಥ ಸಭಾಂಗಣಗಳಿಗೆ ಜನ ಬರ್ತಿದ್ದದ್ದೇ ಕುಣಿಯೋಕೆ. ಕುಣಿಯುವವರಿಗೆ ಹಾಡು ಮೂರು ನಿಮಿಷಕ್ಕೆ ಮುಗಿದುಹೋದರೆ ಹೇಗೆ? ಇವರ ಸಂಗೀತ ಉದ್ದವಾಗಿದ್ದಕ್ಕೆ ಅದೂ ಒಂದು ಕಾರಣ. ಜೊತೆಗೆ ಉದ್ಯಾನಗಳಲ್ಲಿ ಉಚಿತ ಕಾರ್ಯಕ್ರಮ ಕೊಡುವ ರೂಢಿ ಇತ್ತು. 1967ರ ಜನವರಿ 14ರಂದು ಗೋಲ್ಡನ್ ಗೇಟ್ ಪಾರ್ಕ್‌ನಲ್ಲಿ ಸೇರಿದ ದೊಡ್ಡ ಸಮಾವೇಶದಲ್ಲೂ ಇವರು ನುಡಿಸಿದರು.

ಆದರೆ ಆ ಬೇಸಿಗೆಗೆ ದೇಶದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಬಂದು ತುಂಬಿಕೊಂಡರು. ಬಡಾವಣೆಗೆ ಆ ಭಾರ ತಡೆಯೋಕಾಗಲಿಲ್ಲ. ಅಕ್ಟೋಬರ್‌ನಲ್ಲಿ ಬ್ಯಾಂಡಿನ ಮನೆ ಮೇಲೆ ಪೊಲೀಸರ ದಾಳಿಯೂ ಆಯ್ತು. ಮುಂದಿನ ವರ್ಷ ಇವರು ಸೇತುವೆ ದಾಟಿ ಮರಿನ್ ಕೌಂಟಿ ಕಡೆ ಹೊರಟೇಬಿಟ್ಟರು. ಹೆಸರು ತಂದುಕೊಟ್ಟ ಬೀದಿಯಲ್ಲೇ ಬದುಕೋದು ಕಷ್ಟವಾಗಿತ್ತು. ಬಳಗ ಬೆಳೆದಿದ್ದು ಆಮೇಲೆ, ರಸ್ತೆ ಮೇಲೆ. ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್‌ನಲ್ಲಿ, ಪೂರ್ವ ಕರಾವಳಿಯ ಕಾಲೇಜುಗಳಲ್ಲಿ. 1971ರಲ್ಲಿ ಬಂದ ಆಲ್ಬಮ್‌ನ ಹೊದಿಕೆಯಲ್ಲಿ, ನೀವು ಯಾರು, ಎಲ್ಲಿದ್ದೀರಿ, ವಿಳಾಸ ಕಳಿಸಿ ಅಂತ ಕೇಳುಗರನ್ನ ಕೇಳಿಕೊಂಡರು ನೋಡಿ, ಆ ಹೊತ್ತಿಗೆ ಇವರ ಜನ ಒಂದೇ ಊರಲ್ಲಿ ಇರಲಿಲ್ಲ.

ಈಗ ದೇಶದ ಇನ್ನೊಂದು ತುದಿಗೆ ಬನ್ನಿ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್. 1980ರ ದಶಕದಲ್ಲಿ ಇದರ ಜನಸಂಖ್ಯೆ 40,000ಕ್ಕೂ ಕಡಿಮೆ. ರಾಜ್ಯದ ಅತಿ ದೊಡ್ಡ ಊರೇ ಇದು ಅಂದ್ರೆ ಲೆಕ್ಕ ಹಾಕಿ. 1983ರಲ್ಲಿ ಇಲ್ಲಿನ ವರ್ಮಾಂಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಫಿಶ್ ಅನ್ನೋ ಬ್ಯಾಂಡ್ ಕಟ್ಟಿದರು. ಮೊದಲ ಪ್ರದರ್ಶನ ಆ ಡಿಸೆಂಬರ್‌ನಲ್ಲಿ, ಹಾಸ್ಟೆಲಿನ ಊಟದ ಹಾಲ್‌ನಲ್ಲಿ.

ಊರಿನ ಮುಖ್ಯ ಬೀದಿಯಲ್ಲಿ ನೆಕ್ಟರ್ಸ್ ಅನ್ನೋ ಹೋಟೆಲ್ ಇತ್ತು. ಮಾಲೀಕರು ನೆಕ್ಟರ್ ರೋರಿಸ್. 1984ರ ಕೊನೆಗೆ ಈ ಹುಡುಗರಿಗೆ ಅವರು ವೇದಿಕೆ ಕೊಟ್ಟರು. ಆಮೇಲೆ ವರ್ಷಗಟ್ಟಲೆ ಒಂದೇ ಜಾಗದಲ್ಲಿ, ಸಾಲಾಗಿ ಎರಡು ಮೂರು ರಾತ್ರಿ ನುಡಿಸುವ ಅವಕಾಶ. ಇದರ ಬೆಲೆ ಏನು ಅಂತ ಸ್ವಲ್ಪ ಯೋಚನೆ ಮಾಡಿ. ಸಣ್ಣ ಊರು, ನಿನ್ನೆ ಬಂದವರೇ ಇವತ್ತೂ ಬರ್ತಾರೆ. ನಿನ್ನೆಯ ಪಟ್ಟಿಯನ್ನೇ ಇವತ್ತೂ ನುಡಿಸಿದರೆ ಅವರು ಮನೇಲೇ ಕೂರ್ತಾರೆ. ಹಾಗಾಗಿ ದಿನಾ ಬೇರೆ ಹಾಡು, ಬೇರೆ ಕ್ರಮ, ಬೇರೆ ಸಾಹಸ. ಕೆಟ್ಟರೂ ಚಿಂತೆಯಿಲ್ಲ, ನಾಳೆ ಸರಿಮಾಡ್ಕೋಬಹುದು. ಜಾಮ್ ಬ್ಯಾಂಡಿನ ಮೂಲ ಗುಣ, ಅಂದ್ರೆ ಒಂದು ರಾತ್ರಿಯಂತೆ ಇನ್ನೊಂದು ರಾತ್ರಿ ಇಲ್ಲದಿರೋದು, ಹೀಗೆ ಊರಿನ ಗಾತ್ರದಿಂದಲೇ ಗಟ್ಟಿಯಾಯ್ತು ಅಂತ ನನ್ನ ಅಭಿಪ್ರಾಯ. ದೊಡ್ಡ ನಗರದ ಕ್ಲಬ್ಬಿನಲ್ಲಿ ಹೊಸ ತಂಡಕ್ಕೆ ಸಿಗೋದು ನಲವತ್ತು ನಿಮಿಷ. ಅಷ್ಟರಲ್ಲಿ ಎಡವೋಕೆ ಪುರುಸೊತ್ತೆಲ್ಲಿ?

ಇದರ ಋಣ ಅವರು ಮರೀಲಿಲ್ಲ. 1992ರ ಆಲ್ಬಮ್‌ಗೆ ಆ ಮಾಲೀಕರ ಹೆಸರನ್ನೇ ಇಟ್ಟು, ಹೊದಿಕೆಯ ಕಿತ್ತಳೆ ಹಣ್ಣಿನ ಮೇಲೆ ಅವರ ಮುಖವನ್ನೂ ಮೂಡಿಸಿದರು.

ಸರಿ, ಊರು ಸಂಗೀತವನ್ನ ಹದ ಮಾಡ್ತು. ಬಳಗ ಎಲ್ಲಿಂದ ಬಂತು? ಇಲ್ಲಿದೆ ಸ್ವಾರಸ್ಯ. ಫಿಶ್‌ನ ನಾಲ್ವರಲ್ಲಿ ಒಬ್ಬರೂ ವರ್ಮಾಂಟ್‌ನಲ್ಲಿ ಬೆಳೆದವರಲ್ಲ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ರಾಜ್ಯಗಳಿಂದ ಓದೋಕೆ ಬಂದವರು. ಅವರ ಕೇಳುಗರಲ್ಲೂ ಎಷ್ಟೋ ಮಂದಿ ಹಾಗೇ ಹೊರಗಿನಿಂದ ಬಂದ ವಿದ್ಯಾರ್ಥಿಗಳು. ರಜೆ ಬಂದಾಗ ಊರಿಗೆ ಹೋಗ್ತಾರೆ, ಓದು ಮುಗಿದಾಗ ಕೆಲಸ ಹುಡುಕಿ ಬಾಸ್ಟನ್‌ಗೋ ನ್ಯೂಯಾರ್ಕ್‌ಗೋ ಹೋಗ್ತಾರೆ. ಹೋಗುವಾಗ ಚೀಲದಲ್ಲಿ ಕ್ಯಾಸೆಟ್ ಇರುತ್ತೆ. ಕೇಳುಗರು ರೆಕಾರ್ಡ್ ಮಾಡ್ಕೊಳ್ಳೋಕೆ ಈ ಬ್ಯಾಂಡ್‌ಗಳು ಅಡ್ಡಿ ಮಾಡ್ತಿರಲಿಲ್ಲ. ಗ್ರೇಟ್‌ಫುಲ್ ಡೆಡ್ 1984ರಲ್ಲಿ ರೆಕಾರ್ಡ್ ಮಾಡುವವರಿಗೆ ಅಂತಲೇ ಬೇರೆ ಜಾಗ ಮಾಡಿಕೊಟ್ಟಿತ್ತು. ಹೀಗೆ ಪ್ರತಿ ವರ್ಷ ಕಾಲೇಜು ಒಂದು ತಂಡ ಪ್ರಚಾರಕರನ್ನ ಬಿಡಿಕಾಸಿನ ಖರ್ಚಿಲ್ಲದೆ ಕಳಿಸಿಕೊಡ್ತಿತ್ತು.

1989ರ ಜನವರಿ 26ರ ರಾತ್ರಿ ಇದು ಎಲ್ಲರಿಗೂ ಕಾಣಿಸ್ತು. ಬಾಸ್ಟನ್‌ನ ಪ್ಯಾರಡೈಸ್ ಅನ್ನೋ ಕ್ಲಬ್ ಇವರನ್ನ ಕರೆಯಲಿಲ್ಲ. ಇವರ ಕಡೆಯವರು ಆ ಕ್ಲಬ್ಬನ್ನೇ ಒಂದು ರಾತ್ರಿಗೆ ಬಾಡಿಗೆಗೆ ಹಿಡಿದರು. ಸುಮಾರು 350 ಕಿಲೋಮೀಟರ್ ದೂರದ ಬರ್ಲಿಂಗ್ಟನ್‌ನಿಂದ ಅಭಿಮಾನಿಗಳು ಬಸ್ ಮಾಡ್ಕೊಂಡು ಬಂದರು, ಟಿಕೆಟ್ ಎಲ್ಲ ಖಾಲಿ. ಏಳು ವರ್ಷದ ನಂತರ, 1996ರ ಆಗಸ್ಟ್‌ನಲ್ಲಿ, ಬರ್ಲಿಂಗ್ಟನ್‌ನ ಸರೋವರದ ಆಚೆ ದಡದ ಪ್ಲಾಟ್ಸ್‌ಬರ್ಗ್‌ನಲ್ಲಿ, ಮುಚ್ಚಿದ ವಾಯುನೆಲೆಯೊಂದರಲ್ಲಿ ಎರಡು ದಿನದ ಉತ್ಸವ ಮಾಡಿದಾಗ ಸೇರಿದವರು ಸುಮಾರು 70,000. ಇವರ ಊರಿನ ಜನಸಂಖ್ಯೆಗಿಂತ ಎಷ್ಟೋ ಹೆಚ್ಚು.

ಇದು ಒಂದೇ ಊರಿನ ಅದೃಷ್ಟ ಅಂತ ನೀವು ಹೇಳಬಹುದು. ಹಾಗಾದರೆ ದಕ್ಷಿಣದ ಜಾರ್ಜಿಯಾ ರಾಜ್ಯದ ಅಥೆನ್ಸ್ ನೋಡಿ. ಅದೂ ವಿಶ್ವವಿದ್ಯಾಲಯದ ಊರೇ. ಬಿ-52ಸ್, ಆರ್.ಇ.ಎಂ. ಅಲ್ಲೇ ಹುಟ್ಟಿದ್ದರಿಂದ ಹೊಸ ತಂಡವನ್ನ ನಿಂತು ಕೇಳುವ ಅಭ್ಯಾಸ ಊರಿಗಿತ್ತು. ವೈಡ್‌ಸ್ಪ್ರೆಡ್ ಪ್ಯಾನಿಕ್ 1986ರಲ್ಲಿ ಅಲ್ಲಿ ಶುರುವಾಗಿ, ದಕ್ಷಿಣದ ಕಾಲೇಜು ಊರುಗಳನ್ನ ಸುತ್ತಿ ಬೆಳೀತು. 1998ರ ಏಪ್ರಿಲ್ 18ರಂದು ಅಥೆನ್ಸ್‌ನ ಬೀದಿಯಲ್ಲೇ ಉಚಿತವಾಗಿ ನುಡಿಸಿದಾಗ ಬಂದವರು 80,000ಕ್ಕೂ ಹೆಚ್ಚು ಅಂತ ಅಂದಾಜು. ಹೊರಗೆ ಚದುರಿದ್ದ ಜನ ಒಂದು ದಿನಕ್ಕೆ ಊರಿಗೆ ವಾಪಸ್ ಬಂದಿದ್ದರು.

ಹಾಗಂತ ಯಾವ ಸಣ್ಣ ಊರಾದರೂ ಸರಿ ಅಂತಲ್ಲ. ಮೂರು ಸಂಗತಿ ಕೂಡಿ ಬರಬೇಕು. ಒಂದು, ಕಡಿಮೆ ಖರ್ಚಲ್ಲಿ ಬದುಕಿ ಪದೇಪದೇ ನುಡಿಸೋಕೆ ಆಗುವ ಜಾಗ. ಎರಡು, ವರ್ಷ ವರ್ಷ ಬಂದು ಹೋಗುವ ಯುವಕರು. ಮೂರು, ಒಂದು ರಾತ್ರಿಯ ಪ್ರಯಾಣದಲ್ಲಿ ಸಿಗುವ ದೊಡ್ಡ ನಗರ. ಬರ್ಲಿಂಗ್ಟನ್‌ನಲ್ಲಿ ಮೂರೂ ಇದ್ದವು. ಹೋಟೆಲಿನ ಬಾಡಿಗೆ ಏರಿ, ಸೋಮವಾರ ರಾತ್ರಿ ಖಾಲಿ ವೇದಿಕೆಯನ್ನ ಹುಡುಗರಿಗೆ ಬಿಟ್ಟುಕೊಡೋದು ಮಾಲೀಕನಿಗೆ ನಷ್ಟದ ಬಾಬ್ತು ಆದ ದಿನ, ಮೊದಲನೆಯದು ಹೋಗುತ್ತೆ. ಅದು ಹೋದರೆ ಉಳಿದೆರಡು ಇದ್ದೂ ಏನು ಪ್ರಯೋಜನ?

ಕೊನೆಯದಾಗಿ ಒಂದು ಮಾತು. 2011ರಲ್ಲಿ ಐರೀನ್ ಚಂಡಮಾರುತದ ಮಳೆಗೆ ವರ್ಮಾಂಟ್ ಪ್ರವಾಹದಲ್ಲಿ ಮುಳುಗಿದಾಗ, ಫಿಶ್ ಬರ್ಲಿಂಗ್ಟನ್ ಪಕ್ಕದ ಎಸೆಕ್ಸ್ ಜಂಕ್ಷನ್‌ನಲ್ಲಿ ಒಂದೇ ಸಂಜೆ ನುಡಿಸಿ 10 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿಕೊಟ್ಟಿತು. ಹಿಂದೊಮ್ಮೆ ಒಂದು ಹೋಟೆಲಿನವರು ಖಾಲಿ ಕುರ್ಚಿಗಳ ಮುಂದೆ ನುಡಿಸೋಕೆ ಬಿಟ್ಟಿದ್ದಕ್ಕೆ ಊರಿಗೆ ಸಿಕ್ಕ ಬಡ್ಡಿ ಅಂತ ಬೇಕಾದರೆ ಹೇಳಿ. ನಿಮ್ಮ ಊರಲ್ಲಿ ಅಂಥ ವೇದಿಕೆ ಇದೆಯಾ? ಇದ್ದರೆ ಈ ವಾರ ಒಮ್ಮೆ ಹೋಗಿ ಬನ್ನಿ.